ಹಳೆಯ ನೋವು, ಹೊಸ ಸುದ್ದಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಮೂರು ತಿಂಗಳು ಕಳೆದರೂ ಹೋಗದ, ಅಥವಾ ಹೋಗಿ ಹೋಗಿ ಬರುವ ನೋವಿಗೆ ದೀರ್ಘಕಾಲದ ನೋವು ಎಂದು ಹೆಸರು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ, ಆನ್ ಆರ್ಬರ್ ಊರಿನಲ್ಲಿ, ಇಂಥ ನೋವು ಮತ್ತು ಅದರ ಜೊತೆಗೇ ಬರುವ ದಣಿವನ್ನು ಅಭ್ಯಾಸ ಮಾಡುವುದಕ್ಕೆಂದೇ ಒಂದು ಸಂಶೋಧನಾ ಕೇಂದ್ರವಿದೆ. ಕಳೆದ ಸಂಚಿಕೆಯಲ್ಲಿ ಅದರ ಕೆಲಸದ ಬಗ್ಗೆ ಚಿಕ್ಕದಾಗಿ ಬರೆದಿದ್ದೆವು. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಕೇಳಿದ್ದು ‘ಹೊಸ ಮಾತ್ರೆ ಯಾವುದು’ ಎಂದು. ನಿಮ್ಮದು ಯಾವ ಬಗೆಯ ನೋವು ಎಂದು ತಿಳಿಯದೆ ಅದಕ್ಕೆ ಉತ್ತರ ಹೇಳಲಾಗದು. ಹಾಗಾಗಿ ಆ ಪತ್ರಗಳನ್ನು ಸ್ವಲ್ಪ ಹಿಂದಕ್ಕೆ ಸರಿಸಿದ್ದೇವೆ.

ಪ್ರಶ್ನೆ: ಎರಡು ವರ್ಷದಿಂದ ಮೈಯೆಲ್ಲ ನೋವು. ರಕ್ತ, ಎಕ್ಸ್‌ರೇ ಎಲ್ಲ ನಾರ್ಮಲ್. ಡಾಕ್ಟರು ಚೀಟಿಯಲ್ಲಿ ‘ಫೈಬ್ರೊಮಯಾಲ್ಜಿಯಾ’ (ಮೈತುಂಬ ನೋವು, ದಣಿವು, ನಿದ್ದೆಗೇಡು ಒಟ್ಟಿಗೆ ಬರುವ ಕಾಯಿಲೆ) ಎಂದು ಬರೆದಿದ್ದಾರೆ. ಮನೆಯಲ್ಲಿ ‘ರಿಪೋರ್ಟಿನಲ್ಲಿ ಏನೂ ಇಲ್ಲ, ಎಲ್ಲ ನಿನ್ನ ಮನಸ್ಸಿಂದು’ ಅನ್ನುತ್ತಾರೆ. ಮೆದುಳಿನ ಸ್ಕ್ಯಾನ್ ಮಾಡಿಸಿದರೆ ಪುರಾವೆ ಸಿಗುತ್ತದೆಯೇ?
– ಗೃಹಿಣಿ, ಹಾಸನ

ಉತ್ತರ: ಪುರಾವೆ ಇದೆ. ಆದರೆ ನೀವು ಮಾಡಿಸುವ ಸ್ಕ್ಯಾನಿನಲ್ಲಿ ಅದು ಸಿಗುವುದಿಲ್ಲ.

2002ರಲ್ಲಿ ರಿಚರ್ಡ್ ಗ್ರೇಸ್ಲಿ, ಡೇನಿಯಲ್ ಕ್ಲಾ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಡಾ. ಕ್ಲಾ ಅವರೇ ಮುಂದೆ ಮಿಷಿಗನ್ ಕೇಂದ್ರವನ್ನು ಮುನ್ನಡೆಸಿದವರು. ಫೈಬ್ರೊಮಯಾಲ್ಜಿಯಾ ಇರುವ 16 ಜನ, ಇಲ್ಲದ 16 ಜನ. ಎಲ್ಲರನ್ನೂ, ಮೆದುಳಿನ ಯಾವ ಭಾಗ ಚುರುಕಾಗಿದೆ ಎಂದು ತೋರಿಸುವ ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಎಡ ಹೆಬ್ಬೆರಳಿನ ಉಗುರಿನ ಮೇಲೆ ಅಳತೆ ಮಾಡಿದ ಒತ್ತಡ ಕೊಟ್ಟರು. ಆರೋಗ್ಯವಂತರಿಗೆ ಎಷ್ಟು ಒತ್ತಿದರೆ ನೋಯುತ್ತಿತ್ತೋ, ಅದರ ಸುಮಾರು ಅರ್ಧಕ್ಕೇ ಈ ರೋಗಿಗಳಿಗೆ ಅಷ್ಟೇ ನೋವಾಯಿತು. ಮೆದುಳಿನಲ್ಲಿ ನೋವಿಗೆ ಸ್ಪಂದಿಸುವ ಜಾಗಗಳೂ ಆಗ ಇಬ್ಬರಲ್ಲಿ ಬಹುಪಾಲು ಒಂದೇ ರೀತಿ ಚುರುಕಾದವು. ರೋಗಿಗಳು ಬಣ್ಣ ಕಟ್ಟಿ ಹೇಳುತ್ತಿರಲಿಲ್ಲ, ಅವರಿಗೆ ನಿಜವಾಗಿಯೂ ಅಷ್ಟು ನೋಯುತ್ತಿತ್ತು. ಜಾತ್ರೆಯ ಮೈಕಿನ ಆಂಪ್ಲಿಫೈಯರ್ ಗುಂಡಿ ಪೂರ್ತಿ ತಿರುಗಿಸಿಟ್ಟರೆ ಮೆಲ್ಲಗೆ ಹಾಡಿದ್ದೂ ಊರಾಚೆಗೆ ಕೇಳುತ್ತದಲ್ಲ, ಇದೂ ಹಾಗೆಯೇ.

2007ರಲ್ಲಿ ಮಿಷಿಗನ್ನಿನ ರಿಚರ್ಡ್ ಹ್ಯಾರಿಸ್ ತಂಡ ಪೆಟ್ ಸ್ಕ್ಯಾನ್‌ನಲ್ಲಿ ಇನ್ನೊಂದು ಸಂಗತಿ ಕಂಡಿತು. ಮಾರ್ಫಿನ್ ಬಗೆಯ ಔಷಧಿಗಳು ಮೆದುಳಿನಲ್ಲಿ ಹೋಗಿ ಕೂರುವ ಗ್ರಾಹಕಗಳಿವೆ. ಈ ರೋಗಿಗಳಲ್ಲಿ ಅವು ಔಷಧಿಗೆ ಸಿಗುವ ಪ್ರಮಾಣವೇ ಕಡಿಮೆಯಿತ್ತು. ಟ್ರಮಡಾಲ್, ಮಾರ್ಫಿನ್ ಕೊಟ್ಟರೂ ಇಂಥವರಿಗೆ ಅಷ್ಟಾಗಿ ಹಿಡಿಯದಿರುವುದಕ್ಕೆ ಇದೊಂದು ಕಾರಣ ಇರಬಹುದು.

ಹಾಗಾದರೆ ನಿಮಗೇಕೆ ಸ್ಕ್ಯಾನ್ ಬೇಡ? ಇವೆಲ್ಲ ಗುಂಪಿನ ಸರಾಸರಿಗಳು. ಎರಡು ಗುಂಪಿನ ನಡುವೆ ವ್ಯತ್ಯಾಸ ಕಾಣುತ್ತದೆ, ಒಬ್ಬೊಬ್ಬರ ಚಿತ್ರ ನೋಡಿ ‘ಇವರಿಗಿದೆ, ಇವರಿಗಿಲ್ಲ’ ಎನ್ನಲು ಬರುವುದಿಲ್ಲ. ಆಸ್ಪತ್ರೆಯ ಸಾಧಾರಣ ಎಂಆರ್‌ಐಯಲ್ಲಂತೂ ಇದು ಏನೂ ಕಾಣದು. ಆ ದುಡ್ಡು ಉಳಿಸಿ. ರಕ್ತಪರೀಕ್ಷೆಗಳಲ್ಲಿ ಸಿಬಿಸಿ, ಇಎಸ್‌ಆರ್, ಸಿಆರ್‌ಪಿ, ಟಿಎಸ್‌ಹೆಚ್, ಬಿ12, ವಿಟಮಿನ್ ಡಿ, ಕ್ರಿಯಾಟಿನಿನ್ ಆಗಿವೆಯೇ ನೋಡಿ. ಥೈರಾಯ್ಡ್ ಕುಗ್ಗಿದ್ದರೆ, ಡಿ ತೀರಾ ಇಳಿದಿದ್ದರೆ ಇದೇ ತರಹದ ಮೈಕೈ ನೋವು ಬರುತ್ತದೆ, ಅದಕ್ಕೆ ಚಿಕಿತ್ಸೆಯೂ ಸುಲಭ.

ಮನೆಯವರಿಗೆ ಹೀಗೆ ಹೇಳಿ: ನೋವಿನಲ್ಲಿ ಮೂರು ಬಗೆ. ಪೆಟ್ಟು, ಊತ, ಸವೆತದಿಂದ ಬರುವುದು ಒಂದು. ನರವೇ ಕೆಟ್ಟು ಬರುವುದು ಎರಡನೆಯದು, ಸಕ್ಕರೆ ಕಾಯಿಲೆಯವರ ಪಾದದ ಉರಿಯ ಹಾಗೆ. ಗಾಯವೂ ಇಲ್ಲದೆ, ನರಕ್ಕೆ ಹಾನಿಯೂ ಆಗದೆ, ನೋವನ್ನು ತೂಗುವ ವ್ಯವಸ್ಥೆಯೇ ಅತಿಯಾಗಿ ಚುರುಕಾಗಿ ಬರುವುದು ಮೂರನೆಯದು. ಈ ಮೂರನೆಯದಕ್ಕೆ ನೋವು ಅಧ್ಯಯನದ ಅಂತರರಾಷ್ಟ್ರೀಯ ಸಂಘ 2017ರಲ್ಲಿ ‘ನೋಸಿಪ್ಲಾಸ್ಟಿಕ್’ ಎಂಬ ಪದ ಒಪ್ಪಿಕೊಂಡಿತು. ಫೈಬ್ರೊಮಯಾಲ್ಜಿಯಾ ಈ ಬಗೆಯದು. ರಿಪೋರ್ಟ್ ನಾರ್ಮಲ್ ಬಂದರೆ ಮೊದಲ ಬಗೆ ಇರುವ ಸಾಧ್ಯತೆ ಕಡಿಮೆ ಎಂದಷ್ಟೇ ಅರ್ಥ, ನೋವೇ ಇಲ್ಲ ಎಂದಲ್ಲ.

ಪ್ರಶ್ನೆ: 31 ಅಂಕದ ಪ್ರಶ್ನಾವಳಿ ಎಂದು ಬರೆದಿದ್ದಿರಿ. ಅದನ್ನು ಮನೆಯಲ್ಲೇ ತುಂಬಬಹುದೇ?
– ಶಿಕ್ಷಕರು, ಗದಗ

ಉತ್ತರ: ತುಂಬಬಹುದು. ಫೈಬ್ರೊಮಯಾಲ್ಜಿಯಾ ಇದೆಯೇ ಎಂದು ಅಳೆಯುವ ಪ್ರಶ್ನಾವಳಿ ಅದು. ಹಾಳೆ, ಪೆನ್ನು ಸಾಕು. ಎರಡು ಭಾಗವಿದೆ.

ಮೊದಲ ಭಾಗ 19 ಅಂಕದ್ದು. ಕಳೆದ 7 ದಿನದಲ್ಲಿ ಎಲ್ಲೆಲ್ಲಿ ನೋವಿತ್ತು ಎಂದು ಗುರುತು ಹಾಕಬೇಕು, ಒಂದು ಜಾಗಕ್ಕೆ ಒಂದು ಅಂಕ. ಎಡಕ್ಕೊಂದು ಬಲಕ್ಕೊಂದು ಎಂದು ಬೇರೆ ಬೇರೆ ಎಣಿಸುವ ಜಾಗಗಳು: ದವಡೆ, ಭುಜ, ಮೇಲ್ತೋಳು, ಮುಂಗೈ, ಪೃಷ್ಠ, ತೊಡೆ, ಮಂಡಿಯ ಕೆಳಗಿನ ಕಾಲು. ಅಲ್ಲಿಗೆ 14. ಕುತ್ತಿಗೆ, ಬೆನ್ನಿನ ಮೇಲ್ಭಾಗ, ಸೊಂಟ, ಎದೆ, ಹೊಟ್ಟೆ ಸೇರಿ ಇನ್ನು 5.

ಎರಡನೆಯ ಭಾಗ 12 ಅಂಕದ್ದು. ದಣಿವು, ಎದ್ದಾಗ ನಿದ್ದೆಯಾಗಿಲ್ಲ ಎನಿಸುವುದು, ಮರೆವು ಅಥವಾ ಯೋಚನೆ ಮಂಕಾಗುವುದು, ಈ ಮೂರಕ್ಕೆ ಕಳೆದ ವಾರದ ತೀವ್ರತೆ ನೋಡಿ ತಲಾ 0ಯಿಂದ 3. ಕಳೆದ 6 ತಿಂಗಳಲ್ಲಿ ತಲೆನೋವು, ಕಿಬ್ಬೊಟ್ಟೆ ನೋವು ಅಥವಾ ಹಿಂಡಿದಂತಾಗುವುದು, ಖಿನ್ನತೆ ಇದ್ದರೆ ತಲಾ 1.

2016ರ ಪರಿಷ್ಕೃತ ಮಾನದಂಡದ ಪ್ರಕಾರ, ಮೊದಲ ಭಾಗದಲ್ಲಿ 7 ಅಥವಾ ಹೆಚ್ಚು ಮತ್ತು ಎರಡನೆಯದರಲ್ಲಿ 5 ಅಥವಾ ಹೆಚ್ಚು ಇರಬೇಕು. ಇಲ್ಲವೇ ಮೊದಲನೆಯದು 4ರಿಂದ 6 ಇದ್ದು ಎರಡನೆಯದು 9 ಅಥವಾ ಹೆಚ್ಚಿರಬೇಕು. ಜೊತೆಗೆ ಮೈಯನ್ನು ಮೇಲೆ ಎಡ, ಮೇಲೆ ಬಲ, ಕೆಳಗೆ ಎಡ, ಕೆಳಗೆ ಬಲ, ನಡು ಎಂದು ಐದಾಗಿ ಹಂಚಿದರೆ ನಾಲ್ಕು ಕಡೆಯಾದರೂ ನೋವಿರಬೇಕು. ಈ ಲೆಕ್ಕಕ್ಕೆ ದವಡೆ, ಎದೆ, ಹೊಟ್ಟೆ ಸೇರುವುದಿಲ್ಲ. ಇದೆಲ್ಲ ಮೂರು ತಿಂಗಳಿಂದ ಹೆಚ್ಚುಕಡಿಮೆ ಹೀಗೇ ಇರಬೇಕು.

ತಪ್ಪಾಗುವುದು ಎಲ್ಲಿ ಗೊತ್ತೇ? ಹಲ್ಲುನೋವಿಗೆ ದವಡೆಯ ಗುರುತು ಹಾಕುತ್ತಾರೆ. ಮೊನ್ನೆ ಮೂಟೆ ಎತ್ತಿ ಹಿಡಿದುಕೊಂಡ ಭುಜವನ್ನೂ ಸೇರಿಸುತ್ತಾರೆ. ಜ್ವರ ಬಂದ ವಾರವೇ ಕೂತು ತುಂಬುತ್ತಾರೆ. ಗಂಡಸರು ಖಿನ್ನತೆಯ ಸಾಲನ್ನು ಓದದೇ ದಾಟುತ್ತಾರೆ. ಇನ್ನೊಂದು ತಪ್ಪು ಇವೆಲ್ಲಕ್ಕಿಂತ ದೊಡ್ಡದು: ಅಂಕ ಬಂತೆಂದು ಬೇರೆ ಕಾಯಿಲೆ ಇಲ್ಲ ಎಂದುಕೊಳ್ಳುವುದು. ರುಮಟಾಯ್ಡ್ ಸಂಧಿವಾತವೂ ಇದೂ ಒಬ್ಬರಲ್ಲೇ ಇರಬಹುದು. ಬೆಳಿಗ್ಗೆ ಎದ್ದಾಗ ಬೆರಳ ಗೆಣ್ಣು ಊದಿ, ಒಂದು ಗಂಟೆ ಕಳೆದರೂ ಬಿಗಿತ ಬಿಡದಿದ್ದರೆ ಈ ಹಾಳೆ ಬದಿಗಿಟ್ಟು ಸಂಧಿವಾತ ತಜ್ಞರನ್ನು ಕಾಣಿ.

ಪ್ರಶ್ನೆ: ಅಮ್ಮನಿಗೆ 62. ಎರಡೂ ಮಂಡಿ ಸವೆದಿದೆ, ಬದಲಾಯಿಸಬೇಕು ಎಂದಿದ್ದಾರೆ. ಆದರೆ ಅವರಿಗೆ ಭುಜ, ಕುತ್ತಿಗೆ, ಬೆನ್ನು ಎಲ್ಲವೂ ನೋಯುತ್ತದೆ, ರಾತ್ರಿ ನಿದ್ದೆಯಿಲ್ಲ. ಆಪರೇಷನ್ ಆದರೆ ನೋವು ಹೋಗುತ್ತದೆಯೇ?
– ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: ಮಿಷಿಗನ್ನಿನಿಂದ ಬಂದ ಸಂಶೋಧನೆಗಳಲ್ಲಿ ನಮ್ಮ ಮನೆಗಳಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಇದೇ. ಚಾಡ್ ಬ್ರಮೆಟ್ ಮತ್ತು ಸಂಗಡಿಗರು ಮಂಡಿ, ಸೊಂಟದ ಕೀಲು ಬದಲಿಸಿಕೊಳ್ಳುವವರಿಗೆ ಆಪರೇಷನ್‌ಗೆ ಮೊದಲೇ ಮೇಲಿನ 31 ಅಂಕದ ಹಾಳೆ ತುಂಬಿಸಿದರು. ಒಂದೊಂದು ಅಂಕ ಹೆಚ್ಚಾದಂತೆ, ಆಸ್ಪತ್ರೆಯಲ್ಲಿದ್ದ ಅವಧಿಯಲ್ಲಿ ಬೇಕಾದ ನೋವಿನ ಔಷಧಿ ಸರಾಸರಿ 9 ಮಿಲಿಗ್ರಾಂ ಮಾರ್ಫಿನ್‌ಗೆ ಸಮನಾದಷ್ಟು ಹೆಚ್ಚಿತು. ಇದು 2013ರ ವರದಿ. ಅಂಕ ಹೆಚ್ಚಿದ್ದವರಲ್ಲಿ ಆರು ತಿಂಗಳ ನಂತರ ನೋವು ಇಳಿದದ್ದೂ ಕಡಿಮೆ ಎಂದು ಮುಂದಿನ ವರದಿ ತೋರಿಸಿತು. ಫೈಬ್ರೊಮಯಾಲ್ಜಿಯಾ ಎನ್ನುವಷ್ಟು ಅಂಕ ಬರದವರಲ್ಲೂ ಈ ಏರಿಳಿತ ಕಂಡಿತು ಎಂಬುದನ್ನು ಗಮನಿಸಿ.

ಅಂದರೆ ಆಪರೇಷನ್ ಬೇಡ ಎಂದಲ್ಲ. ಹೊಸ ಮಂಡಿ, ಮಂಡಿಯ ನೋವನ್ನು ತೆಗೆಯುತ್ತದೆ, ಕುತ್ತಿಗೆಯದನ್ನಲ್ಲ. ಮೆಟ್ಟಿಲು ಹತ್ತುವಾಗ, ನಿಂತಾಗ ಹೆಚ್ಚಾಗಿ ಕೂತಾಗ ಇಳಿಯುವ ನೋವು ಕೀಲಿನದು, ಆಪರೇಷನ್‌ಗೆ ಅದು ಒಗ್ಗುತ್ತದೆ. ಮಲಗಿದರೂ ಕೂತರೂ ಒಂದೇ ಸಮ ಇಡೀ ಕಾಲು, ಬೆನ್ನು, ತೋಳು ನೋಯುತ್ತಿದ್ದರೆ ಅದರ ದೊಡ್ಡ ಪಾಲು ಕೀಲಿನದಲ್ಲ, ಮೇಲೆ ಹೇಳಿದ ಮೂರನೆಯ ಬಗೆಯದು. ಅಮ್ಮನ ಹಾಳೆ ತುಂಬಿಸಿ, ಮೂಳೆ ತಜ್ಞರಿಗೂ ಅರಿವಳಿಕೆ ವೈದ್ಯರಿಗೂ ತೋರಿಸಿ. ಆಪರೇಷನ್ ದಿನಾಂಕಕ್ಕೆ ಆರರಿಂದ ಎಂಟು ವಾರ ಇದ್ದರೆ ನಿದ್ದೆ ಸರಿಪಡಿಸಲು, ತೊಡೆಯ ಸ್ನಾಯು ಬಲಪಡಿಸಲು ಆ ಸಮಯ ಬಳಸಿ. ಖಿನ್ನತೆಗೂ ಇಂಥ ನೋವಿಗೂ ಕೊಡುವ ಡುಲಾಕ್ಸಿಟಿನ್ ತರಹದ ಮಾತ್ರೆ ಮೊದಲೇ ಶುರು ಮಾಡಬೇಕೇ ಎಂದು ವೈದ್ಯರನ್ನೇ ಕೇಳಿ. ಟ್ರಮಡಾಲ್ ಜೊತೆ ಡುಲಾಕ್ಸಿಟಿನ್ ಸೇರಿದರೆ ನಡುಕ, ಬೆವರು, ಗೊಂದಲ ಕಾಣಿಸಿಕೊಳ್ಳಬಹುದು. ಹಾಗಾಗಿ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಯ ಪಟ್ಟಿ ಕೈಯಲ್ಲಿರಲಿ.

ಪ್ರಶ್ನೆ: ಅಮೆರಿಕದಲ್ಲಿ ಚಟ ಹಿಡಿಸದ ಹೊಸ ನೋವಿನ ಮಾತ್ರೆ ಬಂದಿದೆಯಂತೆ. ಭಾವ ಅಲ್ಲೇ ಇದ್ದಾರೆ, ತರಿಸಿಕೊಳ್ಳಲೇ? ಸಯಾಟಿಕಾ ಆರು ತಿಂಗಳಿಂದ ಇದೆ.
– ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ತರಿಸಬೇಡಿ. ನೀವು ಕೇಳಿರುವುದು ಸುಜೆಟ್ರಿಜಿನ್, ಅಲ್ಲಿ ಜರ್ನಾವಿಕ್ಸ್ ಎಂದು ಮಾರುತ್ತಾರೆ. 2025ರ ಜನವರಿ 30ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ಆದರೆ ಹೊಸದಾಗಿ ಬಂದ ತೀವ್ರ ನೋವಿಗೆ ಮಾತ್ರ. ಆಪರೇಷನ್ ಆದ ಮರುದಿನಗಳ ನೋವಿನಂಥದ್ದಕ್ಕೆ. ನೋವಿನ ಸುದ್ದಿಯನ್ನು ಬೆನ್ನುಹುರಿಗೆ ಒಯ್ಯುವ ನರಗಳಲ್ಲಿ ಎನ್‌ಎವಿ 1.8 ಎಂಬ ಸೋಡಿಯಂ ಬಾಗಿಲುಗಳಿವೆ, ಇದು ಅವನ್ನು ಮುಚ್ಚುತ್ತದೆ. ಮೆದುಳಿನಲ್ಲಿ ಮಾರ್ಫಿನ್ ಮುಟ್ಟುವ ಜಾಗಕ್ಕೆ ಇದು ಹೋಗುವುದಿಲ್ಲವಾದ್ದರಿಂದ ಚಟದ ಭಯವಿಲ್ಲ. ಮೊದಲ ಸಲ 100 ಮಿಲಿಗ್ರಾಂ ಖಾಲಿ ಹೊಟ್ಟೆಗೆ, ಆಮೇಲೆ 12 ಗಂಟೆಗೊಮ್ಮೆ 50. ಗ್ರೇಪ್‌ಫ್ರೂಟ್ ತಿನ್ನಬಾರದು. ನಮ್ಮ ಚಕ್ಕೋತ ಅದರ ಹತ್ತಿರದ ನೆಂಟ, ಅದನ್ನೂ ದೂರವಿಡುವುದು ಲೇಸು.

ನಿಮ್ಮ ಸಯಾಟಿಕಾಕ್ಕೆ, ಅಂದರೆ ಸೊಂಟದಿಂದ ಕಾಲಿಗಿಳಿಯುವ ನರದ ನೋವಿಗೆ ಬರೋಣ. ಕಂಪನಿಯೇ 2024ರ ಡಿಸೆಂಬರ್‌ನಲ್ಲಿ ಹೊರಹಾಕಿದ ಎರಡನೇ ಹಂತದ ಪ್ರಯೋಗದಲ್ಲಿ, ಮಾತ್ರೆ ತಿಂದವರ ನೋವು 10ರ ಅಳತೆಯಲ್ಲಿ ಸುಮಾರು 2 ಅಂಕ ಇಳಿಯಿತು. ಮದ್ದಿಲ್ಲದ ಬರೀ ಗುಳಿಗೆ ತಿಂದವರದೂ ಸುಮಾರು 2 ಅಂಕವೇ ಇಳಿಯಿತು! ಹೀಗಿರುವಾಗ ಭಾವನ ದುಡ್ಡು ಯಾಕೆ ಕರಗಿಸುತ್ತೀರಿ?

ಫೈಬ್ರೊಮಯಾಲ್ಜಿಯಾ ಇರುವವರಿಗೆ ನಿಜವಾದ ಸುದ್ದಿ ಬೇರೆಯೇ ಇದೆ. 2025ರ ಆಗಸ್ಟ್‌ನಲ್ಲಿ ಎಫ್‌ಡಿಎ, ರಾತ್ರಿ ನಾಲಿಗೆಯಡಿ ಇಟ್ಟುಕೊಳ್ಳುವ ಸೈಕ್ಲೊಬೆಂಜಪ್ರಿನ್ ಮಾತ್ರೆಗೆ (ಟಾನ್ಮಿಯಾ) ಒಪ್ಪಿಗೆ ಕೊಟ್ಟಿತು. ಈ ಕಾಯಿಲೆಗೆ ಪ್ರಿಗ್ಯಾಬಲಿನ್ 2007ರಲ್ಲಿ, ಡುಲಾಕ್ಸಿಟಿನ್ 2008ರಲ್ಲಿ, ಮಿಲ್ನಾಸಿಪ್ರಾನ್ 2009ರಲ್ಲಿ ಬಂದಿದ್ದವು. ಅಲ್ಲಿಂದೀಚೆಗೆ ಬಂದದ್ದು ಇದೊಂದೇ. ಮೊದಲ 14 ದಿನ 2.8 ಮಿಲಿಗ್ರಾಂ, ಆಮೇಲೆ 5.6. ಮೂರು ದೊಡ್ಡ ಪ್ರಯೋಗಗಳಲ್ಲಿ ಎರಡು ಗೆದ್ದವು, ಒಂದು ಸೋತಿತು. ಗೆದ್ದಲ್ಲಿಯೂ ಬರೀ ಗುಳಿಗೆಗಿಂತ ಇಳಿದದ್ದು 10ರಲ್ಲಿ ಒಂದು ಅಂಕಕ್ಕಿಂತ ಕಡಿಮೆ. ನಿದ್ದೆ ಕೆಟ್ಟವರಿಗೆ ಅಷ್ಟೂ ದೊಡ್ಡದೇ. ಆದರೆ ನುಂಗುವ ಹಳೆಯ ಸೈಕ್ಲೊಬೆಂಜಪ್ರಿನ್ ಮಾತ್ರೆ ಮುರಿದು ನಾಲಿಗೆಯಡಿ ಇಟ್ಟುಕೊಂಡರೆ ಅದೇ ಫಲ ಸಿಗುತ್ತದೆ ಎಂದುಕೊಳ್ಳಬೇಡಿ. ಬಾಯಿಯಲ್ಲೇ ಹೀರಿಕೊಳ್ಳಲೆಂದು ತಯಾರಿಸಿದ ಮಾತ್ರೆಯೇ ಬೇರೆ.

ಪ್ರಶ್ನೆ: ಪ್ರಿಗ್ಯಾಬಲಿನ್ 75 ಮತ್ತು ಮೀಥೈಲ್‌ಕೋಬಾಲಮಿನ್ ಸೇರಿದ ಮಾತ್ರೆ ಒಂದು ವರ್ಷದಿಂದ ತಿನ್ನುತ್ತಿದ್ದೇನೆ. ತೂಕ ಏರಿದೆ, ಕಾಲು ಊದುತ್ತದೆ. ನಿಲ್ಲಿಸಿಬಿಡಲೇ?
– ನಿವೃತ್ತ ನೌಕರರು, ಮಂಡ್ಯ

ಉತ್ತರ: ಇದ್ದಕ್ಕಿದ್ದಂತೆ ನಿಲ್ಲಿಸಬೇಡಿ. ನಿದ್ದೆ ಹಾರುವುದು, ವಾಕರಿಕೆ, ತಲೆನೋವು, ಬೆವರು ಬರುತ್ತದೆ. ಫಿಟ್ಸ್ ಇತಿಹಾಸ ಇದ್ದರೆ ಅಪಾಯ ಇನ್ನೂ ಹೆಚ್ಚು. ಕಡಿಮೆಯೆಂದರೂ ಒಂದು ವಾರದಲ್ಲಿ, ವರ್ಷಗಟ್ಟಲೆ ತಿಂದವರು ಇನ್ನೂ ನಿಧಾನವಾಗಿ ಇಳಿಸಬೇಕು. ಎರಡು ಔಷಧಿ ಕೂಡಿಸಿದ ಮಾತ್ರೆಯ ತೊಂದರೆ ಎದ್ದು ಕಾಣುವುದು ಇಲ್ಲೇ. ಅದರಲ್ಲಿ ಪ್ರಿಗ್ಯಾಬಲಿನ್ ಮಾತ್ರ ಇಳಿಸಲಾಗದು. ಬರೀ ಪ್ರಿಗ್ಯಾಬಲಿನ್ 50, 25ಕ್ಕೆ ಬದಲಿಸಿಕೊಡಿ ಎಂದು ವೈದ್ಯರನ್ನು ಕೇಳಿ.

ಊತಕ್ಕೆ ಮಾತ್ರೆಯೇ ಕಾರಣವಿರಬಹುದು. ಸಕ್ಕರೆ ಕಾಯಿಲೆಗೆ ಪಯೋಗ್ಲಿಟಾಜೋನ್ ತಿನ್ನುತ್ತಿದ್ದೀರಾ ನೋಡಿ, ಎರಡೂ ಸೇರಿದರೆ ಊತವೂ ತೂಕವೂ ಹೆಚ್ಚುತ್ತವೆ. ಪ್ರಿಗ್ಯಾಬಲಿನ್ ಹೊರಹೋಗುವುದು ಮೂತ್ರಪಿಂಡದಿಂದ, ಹಾಗಾಗಿ ಕ್ರಿಯಾಟಿನಿನ್ ಏರಿದವರಿಗೆ ಸಾಧಾರಣ ಪ್ರಮಾಣವೂ ಜಾಸ್ತಿಯಾಗಿ ತೂಕಡಿಕೆ, ಜೋಲಿ ಹೊಡೆಯುವುದು ಶುರುವಾಗುತ್ತದೆ. ಮೀಥೈಲ್‌ಕೋಬಾಲಮಿನ್ ಎಂದರೆ ಬಿ12. ಅದರ ಕೊರತೆ ಇದ್ದರೆ ಆ ವಿಟಮಿನ್ ಬೇಕೇ ಬೇಕು, ಮೆಟ್‌ಫಾರ್ಮಿನ್ ವರ್ಷಾನುಗಟ್ಟಲೆ ತಿಂದವರಲ್ಲಿ ಅದು ಇಳಿಯುವುದುಂಟು. ಕೊರತೆ ಇಲ್ಲದವರಿಗೆ ಬಿ12ರ ಕೆಂಪು ಮಾತ್ರೆಯಿಂದ ನೋವು ಹೋಗದು.

ಪ್ರಶ್ನೆ: ಕಡಿಮೆ ಪ್ರಮಾಣದ ನಾಲ್ಟ್ರೆಕ್ಸೋನ್ ಪವಾಡ ಮಾಡುತ್ತದೆ ಎಂದು ವಾಟ್ಸಾಪ್‌ನಲ್ಲಿ ಬಂತು.
– ಓದುಗರು, ಮಂಗಳೂರು

ಉತ್ತರ: ಡೆನ್ಮಾರ್ಕ್‌ನಲ್ಲಿ ಫೈಬ್ರೊಮಯಾಲ್ಜಿಯಾ ಇದ್ದ 99 ಮಹಿಳೆಯರ ಮೇಲೆ 6 ಮಿಲಿಗ್ರಾಂ ಕೊಟ್ಟು 12 ವಾರ ನೋಡಿದರು. 2024ರ ವರದಿಯ ಪ್ರಕಾರ ನೋವಿನಲ್ಲಿ ಬರೀ ಗುಳಿಗೆಗಿಂತ ಮೇಲು ಎನಿಸಲಿಲ್ಲ. ಇನ್ನೂ ಒಂದು ಎಚ್ಚರಿಕೆ: ನಾಲ್ಟ್ರೆಕ್ಸೋನ್ ಮಾರ್ಫಿನ್ ಬಗೆಯ ಔಷಧಿಗಳ ಕೆಲಸ ತಡೆಯುವ ಮಾತ್ರೆ. ಹಾಗಾಗಿ ಟ್ರಮಡಾಲ್ ತಿನ್ನುವವರು ಇದನ್ನು ನುಂಗಿದರೆ ನೋವು ಭುಗಿಲೇಳುತ್ತದೆ, ಚಟ ಬಿಟ್ಟವರಿಗೆ ಬರುವ ನಡುಕ, ವಾಂತಿಯೂ ಬರಬಹುದು.

ಪ್ರಶ್ನೆ: ವಯಸ್ಸು 34. ಎಂಆರ್‌ಐಯಲ್ಲಿ ‘ಎಲ್4–ಎಲ್5 ಡಿಸ್ಕ್ ಬಲ್ಜ್’ ಬಂದಿದೆ. ಬೆಲ್ಟ್ ಹಾಕಿ ಓಡಾಡುತ್ತಿದ್ದೇನೆ.
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಅಧ್ಯಯನದಲ್ಲಿ, 30ರ ವಯಸ್ಸಿನವರಲ್ಲೇ ಶೇ. 40ರಷ್ಟು ಜನಕ್ಕೆ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿತ್ತು. 80ರ ವಯಸ್ಸಿಗೆ ಶೇ. 84. ತಲೆಗೂದಲು ನರೆಯುವ ಹಾಗೆ ಎಂದುಕೊಳ್ಳಿ. ಬೆಲ್ಟ್ ಬಿಚ್ಚಿಡಿ. ದೀರ್ಘಕಾಲದ ಸೊಂಟನೋವಿಗೆ ಬೆಲ್ಟ್, ಟ್ರ್ಯಾಕ್ಷನ್ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ಆದರೆ ಮೂತ್ರ ಕಟ್ಟಿದರೆ, ತೊಡೆಗಳ ನಡುವಿನ ಜಾಗ ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದರೆ ತಡಮಾಡದೆ ತೋರಿಸಿ.

ಪ್ರಶ್ನೆ: ಅಡಿಕೆ ಸುಲಿಯುವ ಕಾಲದಲ್ಲಿ ಎರಡು ದಿನ ಕೂತರೆ ನಾಲ್ಕು ದಿನ ಏಳಲಾಗುವುದಿಲ್ಲ. ವ್ಯಾಯಾಮ ಮಾಡಿ ಎನ್ನುತ್ತಾರೆ, ಮಾಡಿದರೆ ನೋವು ಹೆಚ್ಚು.
– ಕೃಷಿಕರು, ಶಿರಸಿ

ಉತ್ತರ: ಕೆಲಸವನ್ನು ನೋವಿನಿಂದಲ್ಲ, ಗಡಿಯಾರದಿಂದ ಅಳೆಯಬೇಕು. ಮೂರು ಸಾಧಾರಣ ದಿನ ಗಮನಿಸಿ: ಕೂತ ಎಷ್ಟು ನಿಮಿಷಕ್ಕೆ ನೋವು ಎದ್ದು ಕಾಣುವಷ್ಟು ಏರುತ್ತದೆ? 20, 30, 25 ನಿಮಿಷ ಎಂದಿಟ್ಟುಕೊಳ್ಳಿ. ಸರಾಸರಿ 25. ಅದರ ಐದರಲ್ಲಿ ನಾಲ್ಕು ಪಾಲು, 20 ನಿಮಿಷ, ನಿಮ್ಮ ಮಿತಿ. ಮೊಬೈಲಿನಲ್ಲಿ 20 ನಿಮಿಷಕ್ಕೆ ಗಂಟೆ ಇಟ್ಟು, ಗಂಟೆ ಹೊಡೆದಾಗ ನೋವಿರಲಿ ಇಲ್ಲದಿರಲಿ ಏಳಿ. ಐದು ನಿಮಿಷ ಅಂಗಳದಲ್ಲಿ ಅಡ್ಡಾಡಿ ಮತ್ತೆ ಕೂರಿ. ವಾರಕ್ಕೆ ಎರಡು ನಿಮಿಷ ಮಾತ್ರ ಏರಿಸಿ.

ಕೆಡುವುದು ಒಳ್ಳೆಯ ದಿನದಲ್ಲೇ. ‘ಇವತ್ತು ಆರಾಮಿದೆ, ಚೇಣಿಯವರು ಬರುವುದರೊಳಗೆ ಮುಗಿಸೋಣ’ ಎಂದು ಮೂರು ಗಂಟೆ ಕೂತರೆ, ಹಿಂದಿನ ಮೂರು ವಾರದ ಏರಿಕೆಯೆಲ್ಲ ನೀರುಪಾಲು. ನೋವು ಕೆರಳಿದ ದಿನ ಪೂರ್ತಿ ಹಾಸಿಗೆ ಹಿಡಿಯುವುದೂ ತಪ್ಪು. ಅವತ್ತು ಮಿತಿಯ ಅರ್ಧ, 10 ನಿಮಿಷ ಮಾಡಿ.

ನಡಿಗೆಯನ್ನೂ ಇದೇ ಲೆಕ್ಕದಲ್ಲಿ ಶುರುಮಾಡಿ. ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದವರು ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರನ್ನು ಅಭ್ಯಾಸ ಮಾಡಿ 2024ರಲ್ಲಿ ವರದಿ ಕೊಟ್ಟರು. ಫಿಸಿಯೊಥೆರಪಿಸ್ಟರ ಸಲಹೆಯಂತೆ ಮೆಲ್ಲಗೆ ಏರಿಸುತ್ತಾ ವಾರಕ್ಕೆ ಐದು ಸಲ 30 ನಿಮಿಷದ ನಡಿಗೆಯ ಗುರಿ ಇಟ್ಟುಕೊಂಡವರಿಗೆ ನೋವು ಮರಳಲು ನಡುಮಟ್ಟದ ಲೆಕ್ಕದಲ್ಲಿ 208 ದಿನ ಹಿಡಿಯಿತು. ಉಳಿದವರಿಗೆ 112.

ಮಿಷಿಗನ್ನಿನಲ್ಲೇ 67 ಜನ ಸೊಂಟನೋವಿನವರಿಗೆ ತಾವೇ ಒತ್ತಿಕೊಳ್ಳುವ ಆಕ್ಯುಪ್ರೆಶರ್ ಕಲಿಸಿ, ದಿನಕ್ಕೆ ಸುಮಾರು ಅರ್ಧ ಗಂಟೆಯಂತೆ ಆರು ವಾರ ಮಾಡಿಸಿದರು. ನೋವು ಇಳಿಯಿತು. ಆದರೆ ಹೋಲಿಸಿದ್ದು ಮಾಮೂಲು ಚಿಕಿತ್ಸೆಯಲ್ಲಿದ್ದವರ ಜೊತೆ, ಸುಳ್ಳು ಜಾಗ ಒತ್ತಿಕೊಂಡವರ ಜೊತೆಯಲ್ಲ. ಹಾಗಾಗಿ ಆ ಬಿಂದುಗಳ ಮಹಿಮೆ ಎಷ್ಟು, ದಿನವೂ ಅರ್ಧ ಗಂಟೆ ಸುಮ್ಮನೆ ಕೂತದ್ದರ ಮಹಿಮೆ ಎಷ್ಟು ಎಂದು ಇದರಿಂದ ಬಿಡಿಸಲಾಗದು. ಖರ್ಚಿಲ್ಲ, ಅಪಾಯವಿಲ್ಲ, ಬೇಕಿದ್ದರೆ ನೋಡಿ.

ಪ್ರಶ್ನೆ: ನಾವು ಡೆಟ್ರಾಯ್ಟ್ ಹತ್ತಿರ ಇದ್ದೇವೆ. ಮೈಸೂರಿನಿಂದ ಅತ್ತೆ ಆರು ತಿಂಗಳಿಗೆ ಬಂದಿದ್ದಾರೆ, ಮೈಕೈ ನೋವು. ಆನ್ ಆರ್ಬರ್‌ನ ಅಧ್ಯಯನಕ್ಕೆ ಸೇರಿಸಿದರೆ ಪುಕ್ಕಟೆ ಚಿಕಿತ್ಸೆ ಸಿಗಬಹುದೇ?
– ಓದುಗರು, ಮಿಷಿಗನ್

ಉತ್ತರ: ಅಧ್ಯಯನ ಎಂದರೆ ಚಿಕಿತ್ಸೆಯಲ್ಲ. ಚೀಟಿ ಎತ್ತಿದ ಹಾಗೆ ಯಾವ ಗುಂಪಿಗಾದರೂ ಬೀಳಬಹುದು, ಬರೀ ಗುಳಿಗೆಯ ಗುಂಪಿಗೂ. ಸೇರುವ ಮೊದಲು ಈಗಿನ ಮಾತ್ರೆಗಳನ್ನು ಕೆಲವು ವಾರ ಬಿಡಿ ಎನ್ನಬಹುದು, ಆ ವಾರಗಳು ಕಷ್ಟದವು. ಎಫ್‌ಎಂಆರ್‌ಐ ಇದ್ದರೆ ಪೇಸ್‌ಮೇಕರ್, ದೇಹದೊಳಗಿನ ಕೆಲವು ಲೋಹಗಳು ಅಡ್ಡಿ. ಮಾಂಗಲ್ಯ, ಮೂಗುಬೊಟ್ಟನ್ನೂ ತೆಗೆಯಬೇಕಾಗುತ್ತದೆ, ಅತ್ತೆಯವರಿಗೆ ಮೊದಲೇ ಹೇಳಿ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಇವಿಷ್ಟನ್ನು ಕೇಳಿ: ಎಷ್ಟು ಸಲ ಬರಬೇಕು, ಕೊನೆಯ ಭೇಟಿ ಅವರ ವಾಪಸ್ ಟಿಕೆಟ್‌ಗಿಂತ ಮೊದಲೋ ನಂತರವೋ? ಪ್ರಶ್ನಾವಳಿ ಯಾವ ಭಾಷೆಯಲ್ಲಿದೆ, ಮಗ ಸೊಸೆ ಅನುವಾದ ಮಾಡಿ ತುಂಬಿಸಬಹುದೇ? ಅಡ್ಡಪರಿಣಾಮವಾದರೆ ಆಸ್ಪತ್ರೆಯ ಬಿಲ್ ಯಾರದು? ಸಂದರ್ಶಕರ ವಿಮೆಯ ಪಾಲಿಸಿಯನ್ನೂ ತೆಗೆದು ಓದಿ, ಮೊದಲೇ ಇದ್ದ ಕಾಯಿಲೆಗೆ ಬಹಳಷ್ಟು ಪಾಲಿಸಿಗಳು ಕೊಡುವುದಿಲ್ಲ.

ಅವರು ಮೈಸೂರಿಗೆ ಮರಳಿದ ಮೇಲೆ ಸೇರಬೇಕೆಂದರೆ ಭಾರತದ ಪ್ರಯೋಗಗಳೆಲ್ಲ ಸರ್ಕಾರಿ ಪಟ್ಟಿಯಾದ ಸಿಟಿಆರ್‌ಐ ನೋಂದಣಿಯಲ್ಲಿರುತ್ತವೆ, 2009ರಿಂದ ಅದು ಕಡ್ಡಾಯ. ನೋಂದಣಿ ಸಂಖ್ಯೆ ಹೇಳಲಾಗದವರ ಪ್ರಯೋಗಕ್ಕೆ ಸೇರಬೇಡಿ. 2019ರ ನಿಯಮದ ಪ್ರಕಾರ ಹೊಸ ಔಷಧಿಯ ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಎರಡನ್ನೂ ಪ್ರಯೋಗ ನಡೆಸುವವರೇ ಕೊಡಬೇಕು. ಒಪ್ಪಿಗೆ ಪತ್ರ ಅವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕನ್ನಡದ ಪ್ರತಿ ಕೇಳಿ, ಮನೆಗೆ ತಂದು ಓದಿಸಿ, ಆಮೇಲೆ ಸಹಿ.